ನಾಟಕ, ಕಲೆಯಲ್ಲೇ ಕೆಲಸ ಹುಡುಕುವ ಯುವಜನರಿಗೆ: ನೇಪಥ್ಯದಿಂದ ಶುರುವಾಗುವ ದಾರಿ

"ನನಗೆ ನಾಟಕ ಅಂದ್ರೆ ಇಷ್ಟ. ಇದರಲ್ಲೇ ಏನಾದ್ರೂ ಮಾಡಬೇಕು. ಎಲ್ಲಿಂದ ಶುರು ಮಾಡ್ಲಿ?" ಡಿಗ್ರಿ ಓದುವ ಹುಡುಗ ಹುಡುಗಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಚಿತ್ರಕಲೆ, ಸಂಗೀತ, ಯಕ್ಷಗಾನದ ಕಡೆ ಒಲವಿರುವವರೂ ಇದನ್ನೇ ಕೇಳುತ್ತಾರೆ. ಮನೆಯವರ ಪ್ರಶ್ನೆ ಇನ್ನೊಂದು: "ಹೊಟ್ಟೆಪಾಡಿಗೆ ಏನು ಮಾಡ್ತೀಯ?" ಎರಡೂ ಸರಿಯಾದ ಪ್ರಶ್ನೆಗಳೇ. ಎರಡಕ್ಕೂ ಉತ್ತರ ಸಿಗುವ ಹಾಗೆ ಈ ಮಾರ್ಗದರ್ಶಿ ಬರೆದಿದ್ದೇನೆ. ನನ್ನ ಒಡನಾಟ ಹೆಚ್ಚಾಗಿ ರಂಗಭೂಮಿಯ ಜೊತೆ, ಹಾಗಾಗಿ ಉದಾಹರಣೆಗಳು ಅಲ್ಲಿಂದಲೇ ಜಾಸ್ತಿ ಬರುತ್ತವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪಾತ್ರ ಬೇಕು ಎಂದು ಬರುವವರು ಬೇಕಾದಷ್ಟು ಜನ ಇದ್ದಾರೆ. ಬೆಳಕು ಕಟ್ಟಲು, ಪ್ರಾಪರ್ಟಿ (ನಾಟಕದಲ್ಲಿ ಬಳಸುವ ಸಾಮಾನು) ನೋಡಿಕೊಳ್ಳಲು, ಟಿಕೆಟ್ ಲೆಕ್ಕ ಇಡಲು, ಪತ್ರಿಕೆಗೆ ನಾಲ್ಕು ಸಾಲು ಬರೆದು ಕಳಿಸಲು ಜನ ಬೇಕು ಅಂದರೆ ತಂಡಗಳು ಪರದಾಡುತ್ತವೆ. ನೇಪಥ್ಯದ ಯಾವುದಾದರೂ ಒಂದು ಕೆಲಸ ಚೆನ್ನಾಗಿ ಬಲ್ಲವರಿಗೆ ಅವಕಾಶ ಬೇಗ ಸಿಗುತ್ತದೆ. ನಟನೆಯೇ ಗುರಿ ಎನ್ನುವವರಿಗೂ ಈ ದಾರಿಯನ್ನೇ ಹೇಳುತ್ತೇನೆ. ದಿನಾ ತಾಲೀಮಿನಲ್ಲಿ ಕೂತು ನೋಡುವವರಿಗೆ ಇಡೀ ನಾಟಕ ಬಾಯಿಪಾಠ ಆಗಿರುತ್ತದೆ. ಯಾರಾದರೂ ನಟ ಕೈಕೊಟ್ಟ ದಿನ ನಿರ್ದೇಶಕರ ಕಣ್ಣು ಮೊದಲು ಬೀಳುವುದು ಅವರ ಮೇಲೆಯೇ.

ಹಂತ 1: ಮೊದಲು ನೋಡಿ

ನಾಟಕ ಮಾಡಬೇಕು ಎನ್ನುವ ಎಷ್ಟೋ ಜನ ನಾಟಕ ನೋಡಿರುವುದೇ ಕಡಿಮೆ. ಸಿನಿಮಾ ನೋಡಿ ನಟನೆಯ ಆಸೆ ಹುಟ್ಟಿರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ತಂಡದ ಹತ್ತಿರ ಹೋಗುವ ಮೊದಲು ಐದಾರು ನಾಟಕಗಳನ್ನಾದರೂ ನೋಡಿರಬೇಕು, ಅದೂ ಬೇರೆ ಬೇರೆ ಬಗೆಯವು.

ಬೆಂಗಳೂರಿನಲ್ಲಿದ್ದರೆ ಜೆ.ಪಿ. ನಗರದ ರಂಗಶಂಕರ ಇದೆ. ಶಂಕರ್ ನಾಗ್ ನೆನಪಿನಲ್ಲಿ 2004ರಲ್ಲಿ ಶುರುವಾದ ಈ ರಂಗಮಂದಿರದಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಸಮಯ ಪಾಲನೆಯ ಮೊದಲ ಪಾಠ ಅಲ್ಲೇ ಸಿಗುತ್ತದೆ. ರವೀಂದ್ರ ಕಲಾಕ್ಷೇತ್ರ, ಹನುಮಂತನಗರದ ಕೆ.ಎಚ್. ಕಲಾಸೌಧಗಳಲ್ಲೂ ಕನ್ನಡ ನಾಟಕಗಳು ನಡೆಯುತ್ತಿರುತ್ತವೆ. ಮೈಸೂರಿನಲ್ಲಿ ರಂಗಾಯಣ ಇದೆ. 1989ರಲ್ಲಿ ಬಿ.ವಿ. ಕಾರಂತರು ಮೊದಲ ನಿರ್ದೇಶಕರಾಗಿ ಕಟ್ಟಿದ ಸಂಸ್ಥೆ ಅದು. ಈಗ ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲೂ ರಂಗಾಯಣಗಳಿವೆ. ಉತ್ತರ ಕರ್ನಾಟಕದವರಿಗೆ ಜಾತ್ರೆಯ ಕಂಪನಿ ನಾಟಕಗಳಿವೆ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ಹಲವು ಕಂಪನಿಗಳು ಟೆಂಟ್ ಹಾಕಿ ರಾತ್ರಿಯಿಡೀ ಆಟ ನಡೆಸುತ್ತವೆ. ಅದನ್ನು ಕೀಳಾಗಿ ನೋಡಬೇಡಿ. ಸಾವಿರಾರು ಜನರನ್ನು ನಿದ್ದೆಗೆಡಿಸಿ ಕೂರಿಸುವುದು ಹೇಗೆ ಅನ್ನುವುದನ್ನು ಅವರಷ್ಟು ಬಲ್ಲವರಿಲ್ಲ. ಕರಾವಳಿ, ಮಲೆನಾಡಿನವರಿಗಂತೂ ಮಳೆ ಕಳೆದ ಮೇಲೆ ಮೇ ಕೊನೆಯ ಹೊತ್ತಿನ ಪತ್ತನಾಜೆವರೆಗೂ ಯಕ್ಷಗಾನ ಮೇಳಗಳ ತಿರುಗಾಟ ಇದ್ದೇ ಇದೆ.

ಚಿತ್ರಕಲೆಯವರು ಬೆಂಗಳೂರಿನ ಅರಮನೆ ರಸ್ತೆಯಲ್ಲಿ ಮಾಣಿಕ್ಯವೇಲು ಬಂಗಲೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ, ಕಸ್ತೂರಬಾ ರಸ್ತೆಯ ಮ್ಯಾಪ್ ಕಲಾ ಸಂಗ್ರಹಾಲಯಕ್ಕೆ ಹೋಗಬಹುದು. ಚಿತ್ರಕಲಾ ಪರಿಷತ್ತು ವರ್ಷಕ್ಕೊಮ್ಮೆ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಗೆ ಒಂದು ದಿನ ಪೂರ್ತಿ ಎತ್ತಿಡಿ. ಸಾವಿರಕ್ಕೂ ಹೆಚ್ಚು ಕಲಾವಿದರು ಬೀದಿಯಲ್ಲೇ ಕೂತು ತಮ್ಮ ಕೆಲಸ ಮಾರುತ್ತಾರೆ. ಯಾವುದಕ್ಕೆ ಎಷ್ಟು ಬೆಲೆ, ಯಾರು ಕೊಳ್ಳುತ್ತಾರೆ, ಯಾರು ಸುಮ್ನೆ ನೋಡಿಕೊಂಡು ಹೋಗುತ್ತಾರೆ, ಅಲ್ಲಿ ಎಲ್ಲವೂ ಕಣ್ಣೆದುರೇ ನಡೆಯುತ್ತದೆ.

ನೋಡುವಾಗ ಜೊತೆಗೊಂದು ನೋಟ್‌ಬುಕ್ ಇರಲಿ. ಕಥೆ ಬರೆದುಕೊಳ್ಳುವುದು ಬೇಡ. ದೃಶ್ಯ ಬದಲಾದದ್ದು ಹೇಗೆ? ಬೆಳಕು ಯಾವ ಕಡೆಯಿಂದ ಬಂತು? ಒಂದೇ ಬೆಂಚು ಎಷ್ಟು ಬಗೆಯಲ್ಲಿ ಬಳಕೆಯಾಯಿತು? ಎಲ್ಲಿ ಬೇಜಾರಾಯಿತು? ಇಂಥವು ಸಾಕು. ಆಮೇಲೆ ನಾಟಕದ ಬ್ರೋಷರ್‌ನ ಕೊನೆಯ ಪುಟ ಓದಿ. ಬೆಳಕು, ರಂಗಸಜ್ಜಿಕೆ, ಪ್ರಸಾಧನ, ನಿರ್ವಹಣೆ ಎಂದು ಹೆಸರುಗಳಿರುತ್ತವೆ. ಒಂದೇ ಹೆಸರು ನಾಲ್ಕು ತಂಡಗಳಲ್ಲಿ ಕಂಡರೆ ಗುರುತು ಮಾಡಿಕೊಳ್ಳಿ. ನಾಳೆ ನೀವು ಕೆಲಸ ಕಲಿಯಬೇಕಾದ್ದು ಅಂಥವರ ಹತ್ತಿರವೇ.

ಹಂತ 2: ಉತ್ಸವಗಳಲ್ಲಿ ಕೈಜೋಡಿಸಿ

ತಂಡದ ಒಳಗೆ ಹೋಗಲು ಅತಿ ಸುಲಭದ ದಾರಿ ವಾಲಂಟಿಯರ್ ಆಗುವುದು. ಇದಕ್ಕೆ ವರ್ಷದ ಲೆಕ್ಕ ಗೊತ್ತಿರಬೇಕು.

ಏಪ್ರಿಲ್, ಮೇ ಅಂದರೆ ಮಕ್ಕಳ ಬೇಸಿಗೆ ಶಿಬಿರಗಳ ಕಾಲ. ಮೈಸೂರು ರಂಗಾಯಣದ ಚಿಣ್ಣರ ಮೇಳ ಎಲ್ಲರಿಗೂ ಗೊತ್ತು. ಅದೇ ಮಾದರಿಯ ಸಣ್ಣ ಶಿಬಿರಗಳು ಈಗ ಜಿಲ್ಲೆ, ತಾಲ್ಲೂಕು ಕೇಂದ್ರಗಳಲ್ಲೂ ನಡೆಯುತ್ತವೆ. ನನ್ನ ಪ್ರಕಾರ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಶುರುವಾತು ಇಲ್ಲ. ಮಕ್ಕಳನ್ನು ನೋಡಿಕೊಳ್ಳಲು ಸಹಾಯಕರು ಬೇಕೇ ಬೇಕು, ಹಲವು ಕಡೆ ಸಣ್ಣದಾದರೂ ಗೌರವಧನ ಕೊಡುತ್ತಾರೆ. ಹಾಡು, ಆಟ, ಮುಖವಾಡ, ಕೊನೆಯ ದಿನದ ನಾಟಕ ಎಲ್ಲದರಲ್ಲೂ ನಿಮ್ಮ ಕೈ ಇರುತ್ತದೆ. ಮುಂದೆ ಶಾಲೆಗಳಲ್ಲಿ ರಂಗಶಿಕ್ಷಣದ ಕೆಲಸ ಕೇಳುವಾಗ ಇದೇ ಅನುಭವ ಲೆಕ್ಕಕ್ಕೆ ಬರುತ್ತದೆ.

ಅಕ್ಟೋಬರ್ ಹೊತ್ತಿಗೆ ಮೈಸೂರು ದಸರಾ, ಹೆಗ್ಗೋಡಿನ ನೀನಾಸಮ್ ರಂಗಸಂಸ್ಥೆಯ ಶಿಬಿರ. ನವೆಂಬರ್ ಬಂತೆಂದರೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ನಾಟಕೋತ್ಸವ. ಚಳಿಗಾಲದ ಕಡೆಗೆ ಮೈಸೂರಿನ ಬಹುರೂಪಿ ನಾಟಕೋತ್ಸವ, ಬೆಂಗಳೂರಿನ ಚಿತ್ರಸಂತೆ. ರಾಜ್ಯದ ಹೊರಗೆ ಹೋಗಬಲ್ಲವರಿಗೆ ಡಿಸೆಂಬರ್‌ನಲ್ಲಿ ಪಣಜಿಯ ಸೆರೆಂಡಿಪಿಟಿ ಕಲಾ ಉತ್ಸವ ಇದೆ, 2012ರಿಂದ ನಡೆಯುತ್ತಿರುವ ಕೊಚ್ಚಿ ಮುಜಿರಿಸ್ ಬಿಯೆನಾಲೆ (ಎರಡು ವರ್ಷಕ್ಕೊಮ್ಮೆಯ ದೃಶ್ಯಕಲಾ ಪ್ರದರ್ಶನ) ಇದೆ. ಕೊಚ್ಚಿಯಲ್ಲಿ ಕಲಾ ಕಾಲೇಜುಗಳ ವಿದ್ಯಾರ್ಥಿಗಳಿಗಾಗಿಯೇ ಪ್ರತ್ಯೇಕ ಬಿಯೆನಾಲೆ ನಡೆಯುತ್ತದೆ. ದೃಶ್ಯಕಲೆ ಓದುವವರು ತಮ್ಮ ಕಾಲೇಜಿನ ಮೇಷ್ಟ್ರ ಹತ್ತಿರ ಇದನ್ನು ಕೇಳಿ ನೋಡಿ.

ಇಷ್ಟೆಲ್ಲ ದೂರ ಹೋಗಲು ಆಗದವರು ನಿಮ್ಮ ಊರಿಗೆ ಬರುವ ನಾಟಕವನ್ನೇ ಹಿಡಿಯಿರಿ. ನೀನಾಸಮ್ ತಿರುಗಾಟ 1985ರಿಂದ ಊರೂರು ಸುತ್ತುತ್ತಿದೆ. ಸಾಣೇಹಳ್ಳಿಯ ಶಿವಸಂಚಾರವೂ ಹಾಗೆಯೇ. ಇಂಥ ತಂಡ ಬಂದಾಗ ಸ್ಥಳೀಯವಾಗಿ ಒಂದು ಸಂಘ ಸಂಘಟನೆಯ ಹೊಣೆ ಹೊತ್ತಿರುತ್ತದೆ. ಅವರನ್ನು ಹುಡುಕಿ "ಆ ದಿನ ಪೂರ್ತಿ ಇರ್ತೀನಿ, ಏನು ಕೆಲಸ ಇದ್ರೂ ಹೇಳಿ" ಅನ್ನಿ. ಮಧ್ಯಾಹ್ನ ಸಾಮಾನು ಇಳಿಸುವುದರಿಂದ ರಾತ್ರಿ ಮತ್ತೆ ಗಾಡಿಗೆ ತುಂಬುವವರೆಗೂ ಜೊತೆಗಿರಿ. ಅಳತೆ ಸರಿಯಿಲ್ಲದ ವೇದಿಕೆಗೆ ರಂಗಸಜ್ಜಿಕೆಯನ್ನು ಹೇಗೆ ಹೊಂದಿಸುತ್ತಾರೆ, ಸಂಜೆ ಪಾತ್ರ ಮಾಡಿದವರೇ ರಾತ್ರಿ ಹಲಗೆ ಹೊರುವುದು ಹೇಗೆ, ಇವನ್ನೆಲ್ಲ ಒಂದೇ ದಿನದಲ್ಲಿ ನೋಡಬಹುದು.

ವಾಲಂಟಿಯರ್‌ಗೆ ಸಿಗುವ ಕೆಲಸ ಶುರುವಿನಲ್ಲಿ ಸಣ್ಣದೇ. ಟಿಕೆಟ್ ಹರಿಯುವುದು, ಕುರ್ಚಿ ತೋರಿಸುವುದು, ಕಲಾವಿದರಿಗೆ ನೀರು ಊಟ ತಲುಪಿಸುವುದು. ಇದರಲ್ಲಿ ಗಮನಕ್ಕೆ ಬರುವವರು ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಬರುವವರು, ಫೋನ್ ಬದಿಗಿಟ್ಟು ನಿಲ್ಲುವವರು, ಮುಗಿದ ಮೇಲೂ "ಇನ್ನೇನಾದ್ರೂ ಇದೆಯಾ?" ಎಂದು ಕೇಳುವವರು. ಕಲಾವಿದರ ಜೊತೆ ಸೆಲ್ಫಿಗೆ ಮುಗಿಬೀಳುವವರನ್ನು ಯಾರೂ ಮತ್ತೆ ಕರೆಯುವುದಿಲ್ಲ.

ಹಂತ 3: ಒಂದು ಕೈಕೆಲಸ ಗಟ್ಟಿಯಾಗಿ ಕಲಿಯಿರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಮುಂದಿನದೆಲ್ಲ ನಿಂತಿರುವುದು ಈ ಹಂತದ ಮೇಲೆಯೇ.

ಮೊದಲನೆಯದು ಪ್ರಾಪರ್ಟಿ ಮೇಜು. ಪ್ರದರ್ಶನದ ದಿನ ವಿಂಗ್‌ನ (ರಂಗದ ಬದಿಯ ಮರೆ) ಪಕ್ಕ ಒಂದು ಮೇಜು ಹಾಕಿ. ಅದರ ಮೇಲೆ ಖಾಕಿ ಕಾಗದ ಅಂಟಿಸಿ. ನಾಟಕದಲ್ಲಿ ಬಳಸುವ ಪ್ರತಿ ವಸ್ತುವನ್ನೂ ಅದರ ಮೇಲಿಟ್ಟು, ಸುತ್ತ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಚೊಂಬಿನ ಗೆರೆ, ಕತ್ತಿಯ ಗೆರೆ, ಕನ್ನಡಕದ ಗೆರೆ. ಒಳಗೆ ಹೆಸರು ಬರೆಯಿರಿ, ಯಾವ ದೃಶ್ಯಕ್ಕೆ ಯಾರು ಒಯ್ಯುತ್ತಾರೆ ಅನ್ನುವುದನ್ನೂ ಬರೆಯಿರಿ. ಬೆಲ್ ಹೊಡೆಯುವ ಹದಿನೈದು ನಿಮಿಷ ಮೊದಲು ಒಂದು ಸಲ ಕಣ್ಣಾಡಿಸಿದರೆ ಸಾಕು, ಖಾಲಿ ಗೆರೆ ಕಂಡ ಕೂಡಲೇ ಏನಿಲ್ಲ ಅಂತ ಗೊತ್ತಾಗುತ್ತದೆ. ನಟರಿಗೂ ಒಂದು ಶಿಸ್ತು ಬರುತ್ತದೆ, ತಂದದ್ದನ್ನು ಅದರ ಗೆರೆಯೊಳಗೇ ಇಡುತ್ತಾರೆ. ಇದಕ್ಕೆ ಬೇಕಾಗುವುದು ಒಂದು ಕಾಗದ, ಒಂದು ಪೆನ್ನು. ಆದರೂ ಎಷ್ಟೋ ಹವ್ಯಾಸಿ ತಂಡಗಳಲ್ಲಿ ಇದನ್ನು ಮಾಡುವವರಿಲ್ಲದೆ "ಕೋಲೆಲ್ಲಿ, ಕೋಲೆಲ್ಲಿ" ಎಂದು ಕತ್ತಲಲ್ಲಿ ಪಿಸುಗುಟ್ಟುವುದು ಮೊದಲ ಸಾಲಿನವರೆಗೂ ಕೇಳಿಸುತ್ತದೆ.

ಎರಡನೆಯದು ಕ್ಯೂ ಶೀಟ್, ಅಂದರೆ ಬೆಳಕು, ಶಬ್ದ ಯಾವಾಗ ಹೇಗೆ ಬದಲಾಗಬೇಕು ಅನ್ನುವ ಸೂಚನೆಗಳ ಪಟ್ಟಿ. ನಾಟಕದ ಪ್ರತಿಯ ಒಂದು ಬದಿಗೆ ಖಾಲಿ ಹಾಳೆ ಸೇರಿಸಿ ಬೈಂಡ್ ಮಾಡಿಸಿ. ಬೆಳಕು, ಸಂಗೀತ ಬದಲಾಗುವ ಜಾಗಗಳಲ್ಲಿ ನಂಬರ್ ಹಾಕುತ್ತಾ ಹೋಗಿ. ಬರೆಯುವ ರೀತಿ ಹೀಗಿರಲಿ:

"ಕ್ಯೂ 7. ಅಜ್ಜಿ 'ಬಾಗಿಲು ಹಾಕು' ಅಂದು ಮುಗಿಸಿದ ಕೂಡಲೇ. ಎಡಗಡೆ ವಿಂಗ್ ಬೆಳಕು ಇರಲಿ, ಉಳಿದದ್ದು 5 ಸೆಕೆಂಡಿನಲ್ಲಿ ಇಳಿಯಲಿ. ಮಳೆ ಶಬ್ದ ಸಣ್ಣಗೆ ಶುರು."

ಯಾವಾಗ, ಏನು, ಎಷ್ಟು ಹೊತ್ತಿನಲ್ಲಿ, ಈ ಮೂರೂ ಇರಬೇಕು. ನಾಳೆ ನಿಮಗೆ ಜ್ವರ ಬಂದರೆ ಬೇರೆಯವರು ಆ ಹಾಳೆ ಹಿಡಿದು ಶೋ ನಡೆಸುವ ಹಾಗಿರಬೇಕು. ಸಂದರ್ಶನಕ್ಕೆ ಹೋಗುವಾಗ ಇಂಥದ್ದೊಂದು ಪುಸ್ತಕ ಕೈಯಲ್ಲಿದ್ದರೆ ಹತ್ತು ಸರ್ಟಿಫಿಕೇಟ್‌ಗಿಂತ ಹೆಚ್ಚು ಮಾತಾಡುತ್ತದೆ.

ಮೂರನೆಯದು ಬೆಳಕು. ಇದರಲ್ಲಿ ಕಲೆಗಿಂತ ಮೊದಲು ಲೆಕ್ಕ ಬೇಕು. ರಂಗದ ಮೇಲೆ ಬಳಸುವ ಹಳೆಯ ಪಾರ್‌ಕ್ಯಾನ್ ದೀಪ ಒಂದಕ್ಕೆ 1000 ವ್ಯಾಟ್. ನಮ್ಮಲ್ಲಿ ಬರುವ 230 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 4.3 ಆಂಪಿಯರ್. ಅಂದರೆ ಗೋಡೆಯ ಚಿಕ್ಕ 6 ಆಂಪಿಯರ್ ಸಾಕೆಟ್‌ಗೆ ಒಂದೇ ಪಾರ್‌ಕ್ಯಾನ್. ಎರಡು ಹಾಕಿದರೆ ವೈರ್ ಬಿಸಿಯಾಗುತ್ತದೆ, ಫ್ಯೂಸ್ ಹೋಗುತ್ತದೆ. ದೊಡ್ಡ 16 ಆಂಪಿಯರ್ ಸಾಕೆಟ್‌ಗೆ ಮೂರು. ಶಾಲೆ, ಸಮುದಾಯ ಭವನಗಳಲ್ಲಿ ನಾಟಕದ ನಡುವೆ ಕರೆಂಟ್ ಹೋಗುವುದು ಎಷ್ಟೋ ಸಲ ಈ ಲೆಕ್ಕ ತಪ್ಪಿದ್ದರಿಂದ. ಎಲ್‌ಇಡಿ ದೀಪಗಳಿಗೆ ಇದರ ಸಣ್ಣ ಪಾಲು ವಿದ್ಯುತ್ ಸಾಕು, ಆದರೆ ಅವುಗಳ ಬೆಳಕಿನ ಗುಣ ಬೇರೆ. ಎರಡನ್ನೂ ಪಕ್ಕಪಕ್ಕ ಉರಿಸಿ ಮುಖದ ಮೇಲೆ ಹೇಗೆ ಕಾಣುತ್ತದೆ ನೋಡಿ ಕಲಿಯಿರಿ.

ಏಣಿ ಹತ್ತುವಾಗ ಕೆಳಗೆ ಒಬ್ಬರು ಹಿಡಿದಿರಲೇಬೇಕು. ಕಾಲಿಗೆ ಚಪ್ಪಲಿ ಬೇಡ, ಶೂ ಇರಲಿ. ಮೇಲೆ ಕಟ್ಟಿದ ಪ್ರತಿ ದೀಪಕ್ಕೂ ಕ್ಲ್ಯಾಂಪ್ ಅಲ್ಲದೆ ಸೇಫ್ಟಿ ಚೈನ್ ಬೇಕು. "ಒಂದು ಶೋಗೆ ತಾನೇ" ಎಂದು ಯಾರಾದರೂ ಇದನ್ನು ಬಿಡಲು ಹೇಳಿದರೆ ಆ ಕೆಲಸ ಮಾಡಬೇಡಿ. ಕೆಳಗೆ ನಿಂತಿರುವುದು ನಿಮ್ಮ ಗೆಳೆಯರೇ.

ಇವಲ್ಲದೆ ಪ್ರಸಾಧನ, ವಸ್ತ್ರ, ಶಬ್ದ, ಪೋಸ್ಟರ್ ವಿನ್ಯಾಸ, ಫೋಟೋ, ವಿಡಿಯೋ, ಲೆಕ್ಕಪತ್ರ ಎಲ್ಲವೂ ಕಲಿಯತಕ್ಕವೇ. ಬಿ.ಕಾಂ. ಓದಿದವರನ್ನು ತಂಡಗಳು ಕಣ್ಣಿಗೊತ್ತಿಕೊಳ್ಳುತ್ತವೆ. ಬಜೆಟ್ ಬರೆದು, ಬಿಲ್ ಜೋಡಿಸಿ, ವರ್ಷದ ಕೊನೆಗೆ ಆಡಿಟ್‌ಗೆ ಕೊಡುವವರು ನಮ್ಮಲ್ಲಿ ಅಷ್ಟು ಕಡಿಮೆ.

ಹಂತ 4: ಇಂಟರ್ನ್‌ಶಿಪ್ ಕೇಳುವುದು

ಈಗ ಎಷ್ಟೋ ಡಿಗ್ರಿ ಕೋರ್ಸ್‌ಗಳಲ್ಲಿ ಇಂಟರ್ನ್‌ಶಿಪ್ ಇದೆ. ಅದನ್ನು ಯಾವುದೋ ಕಂಪನಿಯಲ್ಲಿ ಹಾಜರಿ ಹಾಕಿ ಮುಗಿಸುವ ಬದಲು ಕಲಾ ಸಂಸ್ಥೆಯಲ್ಲಿ ಮಾಡಬಹುದೇ ಎಂದು ಕಾಲೇಜಿನಲ್ಲಿ ಕೇಳಿ. ಬಹಳಷ್ಟು ಸಂಸ್ಥೆಗಳು ಜಾಹೀರಾತು ಕೊಡುವುದಿಲ್ಲ. ನೀವೇ ಕೇಳಬೇಕು. ರಂಗತಂಡ, ರಂಗಮಂದಿರ, ಸಂಗ್ರಹಾಲಯ, ಗ್ಯಾಲರಿ, ಪ್ರಕಾಶನ, ರಾಮನಗರದ ಜಾನಪದ ಲೋಕದಂಥ ಕೇಂದ್ರ, ಮಕ್ಕಳ ರಂಗಸಂಸ್ಥೆ, ಹೀಗೆ ಪಟ್ಟಿ ಮಾಡಿ. ಎಲ್ಲರಿಗೂ ಒಂದೇ ಮೇಲ್ ಕಳಿಸಬೇಡಿ. ಒಬ್ಬೊಬ್ಬರಿಗೂ ಅವರ ಕೆಲಸ ನೋಡಿ ಬರೆಯಿರಿ. ಮಾದರಿಗೆ ಒಂದು:

"ನಮಸ್ಕಾರ ಮೇಡಂ,
ನಾನು ಶಿರಸಿಯ ಕಾಲೇಜೊಂದರಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದೇನೆ. ಕಳೆದ ತಿಂಗಳು ನಿಮ್ಮ ತಂಡದ ಪ್ರದರ್ಶನ ನೋಡಿದೆ. ಅಂಗಳದ ದೃಶ್ಯಕ್ಕೆ ಒಂದೇ ಲಾಟೀನಿನ ಬೆಳಕು ಇಟ್ಟದ್ದು ತುಂಬಾ ಇಷ್ಟವಾಯಿತು. ನಮ್ಮ ಕಾಲೇಜಿನ ಎರಡು ನಾಟಕಗಳಿಗೆ ರಂಗನಿರ್ವಹಣೆ ಮಾಡಿದ್ದೇನೆ, ಕ್ಯೂ ಶೀಟ್‌ನ ಫೋಟೋ ಜೊತೆಗಿಟ್ಟಿದ್ದೇನೆ. ಮೇ ತಿಂಗಳು ಪೂರ್ತಿ ರಜೆ ಇದೆ. ನಿಮ್ಮ ಮುಂದಿನ ನಾಟಕದ ತಾಲೀಮಿನಲ್ಲಿ ಸಹಾಯಕಿಯಾಗಿ ಕೆಲಸ ಮಾಡುವ ಆಸೆ. ಒಪ್ಪಿಗೆಯಾದರೆ ಬಂದು ಭೇಟಿ ಮಾಡುತ್ತೇನೆ."

ಇಷ್ಟು ಸಾಕು. ಚಿಕ್ಕಂದಿನಿಂದ ಕಲೆಯ ಮೇಲಿದ್ದ ಒಲವಿನ ಕಥೆ ಬೇಡ. ಅವರ ಕೆಲಸ ನೋಡಿದ್ದೀರಿ, ಇಂಥದ್ದು ಬರುತ್ತದೆ, ಇಷ್ಟು ದಿನ ಇರಬಲ್ಲಿರಿ, ಇದು ತಿಳಿದರೆ ಅವರು ತೀರ್ಮಾನ ಮಾಡುತ್ತಾರೆ. ಹತ್ತು ದಿನದಲ್ಲಿ ಉತ್ತರ ಬರದಿದ್ದರೆ ಒಮ್ಮೆ ಫೋನ್ ಮಾಡಿ. ರಂಗದವರು ಮೇಲ್ ನೋಡುವುದು ಕಡಿಮೆ, ಅದನ್ನು ಅವಮಾನ ಎಂದುಕೊಳ್ಳಬೇಡಿ.

ಒಪ್ಪಿದ ಮೇಲೆ ಕೆಲವು ವಿಷಯ ಬಾಯಿಬಿಟ್ಟು ಕೇಳಿಕೊಳ್ಳಲೇಬೇಕು. ಎಷ್ಟು ದಿನ, ದಿನಕ್ಕೆ ಎಷ್ಟು ಹೊತ್ತು? ಓಡಾಟದ ಖರ್ಚು, ಊಟ ಯಾರದು? ಗೌರವಧನ ಇದೆಯಾ? ಬ್ರೋಷರ್‌ನಲ್ಲಿ ಹೆಸರು ಬರುತ್ತದಾ? ಕೊನೆಗೆ ಪತ್ರ ಕೊಡುತ್ತಾರಾ? ಮಾತಾಡಿದ್ದನ್ನೆಲ್ಲ ಅವತ್ತೇ ವಾಟ್ಸಾಪ್‌ನಲ್ಲಿ "ಇವತ್ತು ಮಾತಾಡಿದ ಹಾಗೆ..." ಎಂದು ಬರೆದು ಕಳಿಸಿಬಿಡಿ. ಸಂಕೋಚ ಬೇಡ, ಅಚ್ಚುಕಟ್ಟಾಗಿ ಕೆಲಸ ಮಾಡುವವರಿಗೆ ಇದರಿಂದ ಖುಷಿಯೇ ಆಗುತ್ತದೆ. ಸಣ್ಣ ತಂಡಗಳಲ್ಲಿ ದುಡ್ಡು ಇರುವುದಿಲ್ಲ, ಅದು ನಿಜ. ಆದರೆ ಟಿಕೆಟ್ ಇಟ್ಟು, ಪ್ರಾಯೋಜಕರನ್ನೂ ಹಿಡಿದು, ನಿಮ್ಮನ್ನು ಮಾತ್ರ ತಿಂಗಳುಗಟ್ಟಲೆ ಬಿಟ್ಟಿ ದುಡಿಸಿಕೊಂಡರೆ ಅದು ಕಲಿಕೆಯಲ್ಲ. ನಿಮ್ಮ ಕೈಯಿಂದ ಬಸ್ ಚಾರ್ಜ್ ಹೋಗುತ್ತಲೇ ಇದ್ದು, ಕಲಿಯುವುದು ನಿಂತಿದೆ ಅನ್ನಿಸಿದರೆ ವಿನಯದಿಂದ ಹೇಳಿ ಹೊರಗೆ ಬನ್ನಿ.

ಹೆಣ್ಣುಮಕ್ಕಳಿಗೆ ಒಂದು ಮಾತು, ಗಂಡುಮಕ್ಕಳೂ ತಿಳಿದಿರಬೇಕು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಸಂಬಳ ಪಡೆಯುವವರಿಗೆ ಮಾತ್ರ ಅಲ್ಲ. ತರಬೇತಿಯಲ್ಲಿರುವವರು, ಸಂಬಳವಿಲ್ಲದ ವಾಲಂಟಿಯರ್‌ಗಳು ಕೂಡ ಅದರ ರಕ್ಷಣೆಯಲ್ಲಿ ಬರುತ್ತಾರೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಬೇಕು. ಇಲ್ಲದ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರು ಕೊಡಲು ಸಾಮಾನ್ಯವಾಗಿ ಮೂರು ತಿಂಗಳ ಅವಧಿ ಇರುತ್ತದೆ. ತಂಡ ಸೇರುವ ದಿನವೇ "ಸಮಿತಿಯಲ್ಲಿ ಯಾರಿದ್ದಾರೆ?" ಎಂದು ಕೇಳಿ. ತಾಲೀಮು ರಾತ್ರಿ ತಡವಾಗುವ ದಿನ ಮನೆಗೆ ಹೋಗುವ ವ್ಯವಸ್ಥೆ ಏನು ಅನ್ನುವುದನ್ನೂ ಆವತ್ತೇ ಕೇಳಿ. ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವ ತಂಡಕ್ಕೆ ಹೋಗುವುದೇ ಬೇಡ.

ಹಂತ 5: ರಂಗಶಾಲೆಗೆ ಹೋಗಬೇಕೇ?

ಎಲ್ಲರೂ ಹೋಗಲೇಬೇಕು ಅಂತೇನಿಲ್ಲ. ಆದರೆ ಒಂದು ವರ್ಷ ಬೇರೆ ಯಾವ ಚಿಂತೆಯೂ ಇಲ್ಲದೆ ಬೆಳಗ್ಗೆಯಿಂದ ರಾತ್ರಿವರೆಗೂ ಅದನ್ನೇ ಮಾಡುವ ಅವಕಾಶ ಬದುಕಿನಲ್ಲಿ ಮತ್ತೆ ಸಿಗುವುದು ಕಷ್ಟ. ಎರಡು ವರ್ಷ ತಂಡಗಳ ಜೊತೆ ಓಡಾಡಿ, ಇದು ನನ್ನ ಕೈಯಲ್ಲಾಗುತ್ತದೆ ಅನ್ನಿಸಿದ ಮೇಲೆ ಹೋದರೆ ಹೆಚ್ಚು ಪ್ರಯೋಜನ.

ಕನ್ನಡದಲ್ಲೇ ಕಲಿಯಬೇಕೆನ್ನುವವರಿಗೆ ಸಾಗರದ ಹತ್ತಿರ ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರ. 1949ರಲ್ಲಿ ಹುಟ್ಟಿದ ಊರಿನ ಸಂಘವೊಂದು 1980ರಲ್ಲಿ ಈ ಶಾಲೆ ತೆರೆಯಿತು. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲೇ ಉಳಿದು ಕಲಿಯುವ ಕೋರ್ಸ್ ಅದು. ಮೈಸೂರು ರಂಗಾಯಣದಲ್ಲಿ, ಸಾಣೇಹಳ್ಳಿಯಲ್ಲಿ ಕೂಡ ರಂಗಶಿಕ್ಷಣದ ಡಿಪ್ಲೊಮಾ ಇದೆ. ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ ಒಂದು ವರ್ಷದ ಕೋರ್ಸ್ ನಡೆಸುತ್ತದೆ. ದೆಹಲಿಯ ಮುಖ್ಯ ಶಾಲೆಯದು ಮೂರು ವರ್ಷ. ಅದಕ್ಕೆ ಪದವಿಯ ಜೊತೆ ನಾಟಕಗಳಲ್ಲಿ ದುಡಿದ ಅನುಭವವನ್ನೂ ಕೇಳುತ್ತಾರೆ. ಹಾಗಾಗಿ ಇವತ್ತಿನಿಂದಲೇ ಪ್ರತಿ ನಾಟಕದ ಬ್ರೋಷರ್, ಫೋಟೋ, ಪತ್ರಿಕಾ ಸುದ್ದಿ, ನಿರ್ದೇಶಕರ ಪತ್ರ ಎಲ್ಲವನ್ನೂ ಒಂದು ಫೈಲಿನಲ್ಲಿ ಸೇರಿಸಿಡಿ. ಚಿತ್ರಕಲೆಗೆ ಮೈಸೂರಿನ ಕಾವಾ ದೃಶ್ಯಕಲಾ ಕಾಲೇಜು, ಬೆಂಗಳೂರಿನ ಚಿತ್ರಕಲಾ ಪರಿಷತ್ತು. ಸಂಗೀತ, ನೃತ್ಯ, ನಾಟಕ ಮೂರರಲ್ಲೂ ಪದವಿ ಬೇಕೆನ್ನುವವರಿಗೆ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ವಿಶ್ವವಿದ್ಯಾಲಯ ಇದೆ.

ಕನ್ನಡದ ರಂಗಶಾಲೆಗಳ ಅರ್ಜಿ ಸಾಮಾನ್ಯವಾಗಿ ಬೇಸಿಗೆಯಲ್ಲಿ ಕರೆಯುತ್ತಾರೆ, ಮಳೆ ಶುರುವಾಗುವ ಹೊತ್ತಿಗೆ ಸಂದರ್ಶನ. ಪ್ರತಿ ವರ್ಷದ ಪ್ರಕಟಣೆ ನೋಡಿ ತಾರೀಖು ಖಚಿತ ಮಾಡಿಕೊಳ್ಳಿ. ಸಂದರ್ಶನಕ್ಕೆ ಒಂದು ಹಾಡು, ಒಂದು ಪದ್ಯ, ಒಂದು ಸಣ್ಣ ಮಾತಿನ ಭಾಗ ಸಿದ್ಧವಿರಲಿ. ಸಿನಿಮಾ ಡೈಲಾಗ್ ಮಿಮಿಕ್ರಿ ಬೇಡ. ನಿಮ್ಮ ಊರಿನ ಕೋಲಾಟದ ಪದ, ಸೋಬಾನೆ, ಭಜನೆ ಬರುತ್ತಿದ್ದರೆ ಅದನ್ನೇ ಹಾಡಿ. ನಿಮ್ಮ ಊರಿನ ಕನ್ನಡವನ್ನು ಮುಚ್ಚಿಡುವ ಅಗತ್ಯವಿಲ್ಲ. ಕಲಬುರಗಿಯ ಮಾತು, ಕುಂದಾಪುರದ ಮಾತು ರಂಗದ ಮೇಲೆ ಬೇಕು. "ಇತ್ತೀಚೆಗೆ ಏನು ಓದಿದಿರಿ, ಯಾವ ನಾಟಕ ನೋಡಿದಿರಿ?" ಎಂದು ಕೇಳುತ್ತಾರೆ. ಮೊದಲ ಹಂತದ ನೋಟ್‌ಬುಕ್ ಅಲ್ಲಿ ಕೆಲಸಕ್ಕೆ ಬರುತ್ತದೆ.

ಹಂತ 6: ಶಿಷ್ಯವೇತನ, ಅನುದಾನ

ಕೇಂದ್ರ ಸಂಸ್ಕೃತಿ ಸಚಿವಾಲಯ 18ರಿಂದ 25 ವರ್ಷದ ಯುವ ಕಲಾವಿದರಿಗೆ ಎರಡು ವರ್ಷದ ಶಿಷ್ಯವೇತನ ಕೊಡುತ್ತದೆ. ತಿಂಗಳಿಗೆ ₹5,000. ಶಾಸ್ತ್ರೀಯ ಸಂಗೀತ, ನೃತ್ಯ, ರಂಗಭೂಮಿ, ದೃಶ್ಯಕಲೆ, ಜನಪದ ಕಲೆ ಎಲ್ಲವೂ ಇದರಲ್ಲಿ ಬರುತ್ತವೆ. ಗುರು ಅಥವಾ ಸಂಸ್ಥೆಯ ಹತ್ತಿರ ಐದು ವರ್ಷ ಕಲಿತಿರಬೇಕು. ನಮ್ಮ ಹಳ್ಳಿಗಳ ಎಷ್ಟೋ ಯುವಕಲಾವಿದರು ಇದಕ್ಕೆ ಅರ್ಹರು. ಆದರೆ ಅರ್ಜಿ ಹಾಕುವವರು ಕಡಿಮೆ. ಮುಖ್ಯವಾಗಿ ಅಡ್ಡ ಬರುವುದು ಗುರುವಿನ ಪತ್ರ. ಮೂಡಲಪಾಯ ಯಕ್ಷಗಾನದ ಭಾಗವತರಿಗೋ ತೊಗಲುಗೊಂಬೆಯ ಅಜ್ಜನಿಗೋ ಲೆಟರ್‌ಹೆಡ್ ಇರುವುದಿಲ್ಲ. ಪತ್ರವನ್ನು ನೀವೇ ಬರೆದು ಓದಿ ಹೇಳಿ, ಅವರು ಒಪ್ಪಿದ ಮೇಲೆ ಸಹಿ ಹಾಕಿಸಿಕೊಳ್ಳಿ. ಯಾವ ವರ್ಷದಿಂದ ಕಲಿಯುತ್ತಿದ್ದೀರಿ, ಏನೇನು ಕಲಿತಿರಿ ಅನ್ನುವುದು ಅದರಲ್ಲಿ ಇರಲಿ. ಹತ್ತರಿಂದ ಹದಿನಾಲ್ಕು ವರ್ಷದ ತಮ್ಮ ತಂಗಿಯರಿದ್ದರೆ ಅವರಿಗೂ ಕೇಂದ್ರ ಸರ್ಕಾರದ ಸಿಸಿಆರ್‌ಟಿ (ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ) ಸಂಸ್ಥೆಯ ಪ್ರತ್ಯೇಕ ಶಿಷ್ಯವೇತನ ಇದೆ.

ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಗೆ ಒಮ್ಮೆ ಹೋಗಿ ಬನ್ನಿ. ಯುವ ಸೌರಭದಂಥ ಕಾರ್ಯಕ್ರಮಗಳಲ್ಲಿ ಯುವ ಕಲಾವಿದರಿಗೆ ವೇದಿಕೆ ಸಿಗುತ್ತದೆ, ಸಂಭಾವನೆಯೂ ಇರುತ್ತದೆ. ಸ್ವಲ್ಪ ಅನುಭವ ಆದಮೇಲೆ, ಹೊಸ ಪ್ರಯೋಗ ಮಾಡುವ ಯೋಚನೆ ಇದ್ದರೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ. 1993ರಲ್ಲಿ ಶುರುವಾದ ಈ ಸಂಸ್ಥೆ ಕಲಾಸಂಶೋಧನೆ, ಪ್ರಯೋಗಗಳಿಗೆ ಅನುದಾನ ಕೊಡುತ್ತದೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಇಂಗ್ಲಿಷ್ ಬರುವುದಿಲ್ಲ ಎಂದು ಹಿಂಜರಿಯುವವರು ಇದನ್ನು ಗಮನಿಸಿ.

ಹಂತ 7: ನಿಮ್ಮೂರಲ್ಲೇ ಒಂದು ಕಾರ್ಯಕ್ರಮ ಮಾಡಿ

ಮಾರ್ಚ್ 27 ವಿಶ್ವ ರಂಗಭೂಮಿ ದಿನ. ಒಂದು ಸಂಜೆಯ ಕಾರ್ಯಕ್ರಮಕ್ಕೆ ಅದಕ್ಕಿಂತ ಒಳ್ಳೆಯ ನೆಪ ಬೇಡ. ಒಂದು ಸಣ್ಣ ನಾಟಕ, ಊರಿನ ಹಿರಿಯ ಕಲಾವಿದರೊಬ್ಬರ ಹಾಡು, ಮಕ್ಕಳ ಚಿತ್ರ ಪ್ರದರ್ಶನ. ಅಷ್ಟೇ ಇರಲಿ. ಸನ್ಮಾನ, ಹಾರ, ತುರಾಯಿ, ಉದ್ದ ಭಾಷಣಗಳನ್ನು ಗಟ್ಟಿ ಮನಸ್ಸು ಮಾಡಿ ಕೈಬಿಡಿ. ಜನ ಬಂದಿರುವುದು ನಾಟಕ ನೋಡಲು.

ಸರ್ಕಾರಿ ಶಾಲೆಯ ಅಂಗಳ ಆದರೆ ಮುಖ್ಯೋಪಾಧ್ಯಾಯರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಒಪ್ಪಿಗೆ ಪಡೆಯಿರಿ. ಮೈಕಿಗೆ ಪೊಲೀಸ್ ಠಾಣೆಯ ಅನುಮತಿ ಬೇಕು. ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ. ಹಾಗಾಗಿ 6:30ಕ್ಕೆ ಶುರು ಅಂದರೆ 6:30ಕ್ಕೇ ಶುರು ಮಾಡಿ. ನಾಟಕಕಾರರ ಅನುಮತಿ ಮರೆಯಬೇಡಿ. ಲೇಖಕರು ತೀರಿಕೊಂಡು 60 ವರ್ಷ ಆಗುವವರೆಗೂ ಹಕ್ಕು ಅವರ ಕುಟುಂಬದ್ದು. 1946ರಲ್ಲಿ ತೀರಿಕೊಂಡ ಟಿ.ಪಿ. ಕೈಲಾಸಂ ಅವರ ನಾಟಕಗಳನ್ನು ಈಗ ಯಾರು ಬೇಕಾದರೂ ಆಡಬಹುದು. ಹಕ್ಕು ಇರುವ ನಾಟಕಕ್ಕೆ ಟಿಕೆಟ್ ಇಟ್ಟರೆ ಅನುಮತಿ ಬೇಕೇ ಬೇಕು. ಟಿಕೆಟ್ ಇಲ್ಲದಿದ್ದರೂ ಒಂದು ಫೋನ್ ಮಾಡಿ ಕೇಳುವುದು ಮರ್ಯಾದೆ. ಎಷ್ಟೋ ಲೇಖಕರು ಖುಷಿಯಿಂದ ಒಪ್ಪುತ್ತಾರೆ, ಕೆಲವರು ನೋಡಲೂ ಬರುತ್ತಾರೆ.

ಖರ್ಚಿನ ಪಟ್ಟಿಯಲ್ಲಿ ಜನ ಮರೆಯುವುದು ಸಾಮಾನು ಸಾಗಿಸುವ ಗಾಡಿ ಬಾಡಿಗೆ, ತಾಲೀಮಿನ ದಿನಗಳ ಚಹಾ ತಿಂಡಿ, ಮತ್ತು ಕಾರ್ಯಕ್ರಮ ಮುಗಿದ ಮೇಲಿನ ಸ್ವಚ್ಛತೆ. ಕೊನೆಯಲ್ಲಿ ಬಂದವರ ಎದುರೇ ಡಬ್ಬಿ ಹಿಡಿಯುವುದಕ್ಕೆ ನಾಚಿಕೆ ಬೇಡ. ಮರುದಿನ ಒಂದು ಹಾಳೆಯಲ್ಲಿ ಬಂದ ದುಡ್ಡು, ಹೋದ ದುಡ್ಡು ಬರೆದು ಶಾಲೆಯ ಗೋಡೆಗೆ ಅಂಟಿಸಿ. ಮುಂದಿನ ವರ್ಷ ಕೇಳದೇ ಕೊಡುತ್ತಾರೆ. ಎರಡು ಮೂರು ಸಲ ಮಾಡಿ ಗೆಳೆಯರ ಗುಂಪು ಗಟ್ಟಿಯಾದರೆ ಸಂಘ ನೋಂದಾಯಿಸಿ. ಕನಿಷ್ಠ ಏಳು ಸದಸ್ಯರು ಬೇಕು. ಇಲಾಖೆಯ ಧನಸಹಾಯಕ್ಕೆ ನೋಂದಾಯಿತ ಸಂಘ, ಅದರ ಹೆಸರಿನ ಬ್ಯಾಂಕ್ ಖಾತೆ, ಲೆಕ್ಕಪತ್ರ ಎಲ್ಲವನ್ನೂ ನೋಡುತ್ತಾರೆ.

ಹಂತ 8: ಬದುಕು ನಡೆಯುವುದು ಹೇಗೆ?

ಬರೀ ಪ್ರದರ್ಶನದ ಸಂಭಾವನೆಯಲ್ಲಿ ಬದುಕುವವರು ಕಡಿಮೆ. ನಾಲ್ಕಾರು ಕಡೆಯಿಂದ ಸ್ವಲ್ಪ ಸ್ವಲ್ಪ ಬರುವ ಹಾಗೆ ಮಾಡಿಕೊಂಡವರೇ ಹೆಚ್ಚು. ರೆಪರ್ಟರಿಯಲ್ಲಿ (ಕಲಾವಿದರನ್ನು ಸಂಬಳಕ್ಕೆ ಇಟ್ಟುಕೊಂಡು ನಾಟಕ ಆಡಿಸುವ ತಂಡ) ಸೇರಿದರೆ ಆ ತಿರುಗಾಟದ ತಿಂಗಳುಗಳಲ್ಲಿ ಸಂಬಳ, ಊಟ, ವಸತಿ. ಖಾಸಗಿ ಶಾಲೆಗಳಲ್ಲಿ ರಂಗಶಿಕ್ಷಕರ ಕೆಲಸ, ವಾರ್ಷಿಕೋತ್ಸವದ ಹೊತ್ತಿಗೆ ನಾಟಕ ಕಲಿಸುವುದು, ಬೇಸಿಗೆ ಶಿಬಿರ. ಬೆಳಕು, ಶಬ್ದ ಬಲ್ಲವರಿಗೆ ಸಭೆ ಸಮಾರಂಭ, ಸಂಗೀತ ಕಾರ್ಯಕ್ರಮಗಳಲ್ಲೂ ಕೆಲಸ. ಒಳ್ಳೆಯ ಕನ್ನಡ ಉಚ್ಚಾರ ಇರುವವರಿಗೆ ಡಬ್ಬಿಂಗ್, ಆಡಿಯೋ ಪುಸ್ತಕ. ಸಂಗ್ರಹಾಲಯಗಳಲ್ಲಿ ಮಕ್ಕಳಿಗೆ ಕಲೆಯ ಬಗ್ಗೆ ಹೇಳಿಕೊಡುವ ಕೆಲಸ. ಧಾರಾವಾಹಿ, ಸಿನಿಮಾಗಳ ವಸ್ತ್ರ, ಕಲಾ ವಿಭಾಗ. ನೇಪಥ್ಯದ ಕೈಕೆಲಸ ಕಲಿಯಿರಿ ಎಂದು ನಾನು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ. ಪಾತ್ರ ಸಿಗದ ತಿಂಗಳಲ್ಲೂ ಈ ಕೆಲಸಗಳು ಸಿಗುತ್ತವೆ.

ಪ್ಯಾನ್ ಕಾರ್ಡ್, ನಿಮ್ಮದೇ ಹೆಸರಿನ ಬ್ಯಾಂಕ್ ಖಾತೆ ಇರಲಿ. ಕೆಲಸ ಒಪ್ಪಿಕೊಳ್ಳುವಾಗಲೇ ಮೊತ್ತ ಮತ್ತು ಕೊಡುವ ದಿನ ಬರೆದುಕೊಳ್ಳಿ. ದೊಡ್ಡ ಸಂಸ್ಥೆಗಳು ಮೊದಲೇ ತೆರಿಗೆ (ಟಿಡಿಎಸ್) ಹಿಡಿದು ಉಳಿದದ್ದನ್ನು ಕೊಡುತ್ತವೆ. ನಿಮ್ಮ ಆದಾಯ ತೆರಿಗೆಯ ಮಿತಿಗಿಂತ ಕಡಿಮೆ ಇದ್ದರೆ ರಿಟರ್ನ್ ಹಾಕಿ ಆ ದುಡ್ಡು ವಾಪಸ್ ಪಡೆಯಬಹುದು. ಎಷ್ಟೋ ಕಲಾವಿದರು ಇದು ಗೊತ್ತಿಲ್ಲದೆ ವರ್ಷವರ್ಷವೂ ಬಿಟ್ಟುಬಿಡುತ್ತಾರೆ.

ಇನ್ನು ಮನೆಯವರ ವಿಷಯ. ಜಗಳ ಮಾಡಿ ಬ್ಯಾಗ್ ಹಿಡಿದು ಹೊರಡಬೇಡಿ. ಡಿಗ್ರಿ ಮುಗಿಸಿ. ಎರಡು ವರ್ಷದ ಸಮಯ ಕೇಳಿ. ಆ ಎರಡು ವರ್ಷ ಏನೇನು ಮಾಡುತ್ತೀರಿ, ಯಾವ ಶಾಲೆಗೆ ಅರ್ಜಿ ಹಾಕುತ್ತೀರಿ, ಖರ್ಚು ಹೇಗೆ ತೂಗಿಸುತ್ತೀರಿ ಎಂದು ಬರೆದು ಅಪ್ಪ ಅಮ್ಮನ ಎದುರು ಕೂತು ಮಾತಾಡಿ. ನೀವು ಕೆಲಸ ಮಾಡಿದ ಮೊದಲ ನಾಟಕಕ್ಕೆ ಅವರನ್ನು ಕರೆದುಕೊಂಡು ಹೋಗಿ. ನಾಟಕ ಮುಗಿದ ಮೇಲೆ ನಿರ್ದೇಶಕರಿಗೆ ಪರಿಚಯ ಮಾಡಿಸಿ, ಹತ್ತು ನಿಮಿಷ ಅವರವರೇ ಮಾತಾಡಲು ಬಿಡಿ. ಆ ಹೊತ್ತಿಗೆ ನಿಮಗೆ ಪ್ರಾಪರ್ಟಿ ಎತ್ತಿಡುವ ಕೆಲಸ ಹೇಗೂ ಇರುತ್ತದಲ್ಲ.